‘ಹಸಿ ಕಸ’ಕ್ಕೆ ಬದಲಿ ಪದ ಬೇಕು (ಡ್ರಮ್ಮಿನ ಮೇಲೆ ಬರೆಸಲು, ಶನಿವಾರದೊಳಗೆ)

ಕಲಬುರಗಿಯಿಂದ:
ಖಾನಾವಳಿ, ಅಪಾರ್ಟ್‌ಮೆಂಟುಗಳ ಅಡುಗೆಮನೆ ಕಸ ಎತ್ತಿ ಗೊಬ್ಬರ ಮಾಡುವ ಕೆಲಸ. ಹಸಿರು ಡ್ರಮ್ಮಿನ ಮೇಲೆ ಹೆಸರು ಬರೆಸಬೇಕಾಗಿದೆ. ‘ಹಸಿ ಕಸ’ ಎಂದಲ್ಲೆಲ್ಲ ಜನ ತೇವ ನೋಡಿ ಹಾಕುತ್ತಾರೆ. ಒದ್ದೆ ಹಾಲಿನ ಪಾಕೀಟು ಹಸಿಗೆ. ಕಟಕ ರೊಟ್ಟಿ, ಉಳ್ಳಾಗಡ್ಡಿ ಸಿಪ್ಪಿ ಒಣದಕ್ಕೆ. ಆಗಬೇಕಾದದ್ದು ಉಲ್ಟಾ. ‘ಲೀಚೇಟ್’ಗೂ (ಕೊಳೆಯುವ ಕಸದಿಂದ ಇಳಿಯುವ ನೀರು) ಒಂದು ಪದ ಹೇಳಿ.

ಬೀದರದಿಂದ:
ಮುಸುರಿ. ಮನೆಮನೆಯ ಮಾತು. ಹುಡುಕುವುದೇನಿದೆ?

ಯಾದಗಿರಿಯಿಂದ:
ಬ್ಯಾಡ್ರಿ. ಮುಸುರಿ ಅಂದರೆ ಪಾತ್ರೆ ತೊಳೆದ ನೀರೂ ಸೇರಿ ಎಮ್ಮೆಗೆ ಇಡುವುದು. ಹಾಗೆ ಬರೆದರೆ ಸಾರು, ಮಜ್ಜಿಗೆ ಎಲ್ಲಾ ಅದರೊಳಗೇ ಸುರಿಯುತ್ತಾರೆ. 120 ಲೀಟರ್ ಡ್ರಮ್ ಮೊದಲೇ ಭಾರ, ನೀರು ಸೇರಿದರೆ ಗಾಡಿಗೆ ಎತ್ತಲಾಗದು. ಗೊಬ್ಬರದ ರಾಶಿಯ ತೇವ ನೂರಕ್ಕೆ 60 ದಾಟಿದರೆ ಒಳಗೆ ಗಾಳಿ ಆಡದೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಜಾಲರಿ ಬುಟ್ಟಿಯಲ್ಲಿ ಬಸಿದೇ ಹಾಕಬೇಕು. ಒಂದು ಬುಟ್ಟಿ ಕಸಕ್ಕೆ ಒಂದರಿಂದ ಎರಡು ಬುಟ್ಟಿ ಕಡ್ಡಿ-ಕಟ್ಟಿಗೆಯಂಥ ಒಣ ಸಾಮಾನು ಬೆರೆಸಬೇಕು. ತೊಗರಿ ಕಟ್ಟಿಗೆ ನಮ್ಮ ಕಡೆ ಬೇಕಾದಷ್ಟಿದೆ, ಆದರೆ ಎರಡಿಂಚಿಗೆ ಕತ್ತರಿಸದಿದ್ದರೆ ಜರಡಿ ಹಿಡಿಯುವಾಗ ಹಾಗೇ ಕಡ್ಡಿಯಾಗಿ ಬರುತ್ತದೆ. ತೊಗರಿ ಹೊಟ್ಟು ದನದ ಮೇವು, ಇದಕ್ಕೆ ಸುರಿದರೆ ದುಡ್ಡು ದಂಡ. ಬೆರೆಸಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ. ಮೂಗಿಗೆ ಅಮೋನಿಯಾ ಹೊಡೆದರೆ ಒಣದು ಕಡಿಮೆ ಬಿದ್ದಿದೆ ಎಂದರ್ಥ.
ಲೀಚೇಟಿಗೆ ‘ಬಸಿನೀರು’ ಸಾಕು.

ಬೀದರದಿಂದ:
ಹಾಗಾದರೆ ಬರೀ ‘ಕಸ’ ಎನ್ನಿ. ಹಳಗನ್ನಡದಲ್ಲಿ ‘ಕಸವರ’ ಎಂದರೆ ಚಿನ್ನ. ಕಸವೇ ಚಿನ್ನವಾಗುವುದು ಆ ಪದದಲ್ಲೇ ಇದೆ. ‘ತ್ಯಾಜ್ಯ’, ‘ಕಾಂಪೋಸ್ಟ್’ ಎರಡನ್ನೂ ತಿಪ್ಪಿಗೆ ಹಾಕಿ.

ಯಾದಗಿರಿಯಿಂದ:
ಧ್ವನಿ ಕೂಡಿದ ಮಾತ್ರಕ್ಕೆ ಧಾತು ಕೂಡುವುದಿಲ್ಲ. ಬರೀ ‘ಕಸ’ ಎಂದರೆ ಬ್ಲೇಡು, ಬಲ್ಬು ಎಲ್ಲವೂ ಒಳಗೆ. ಮುಂದಿನ ಪ್ರಸ್ತಾಪ?

ಕಲಬುರಗಿಯಿಂದ (ಇನ್ನೊಬ್ಬರು):
ನಮ್ಮ ಓಣಿಗಳಲ್ಲಿ ‘ಕಚರಾ’ ಎನ್ನುತ್ತಾರೆ, ಅದನ್ನೂ ಓಡಿಸುವಿರಾ? ರಸ್ತಾ, ಬಾಜಾರ, ದವಾಖಾನಿ ತೆಗೆದರೆ ಈ ಊರಲ್ಲಿ ವಿಳಾಸ ಹೇಳಲಿಕ್ಕೂ ಆಗದು. ಎರವಲು ಎಲ್ಲಿಂದ ಬಂತು ಎನ್ನುವುದಲ್ಲ, ಡಬ್ಬಿ ಮುಂದೆ ನಿಂತವರಿಗೆ ತಿಳಿಯಿತೇ ಎನ್ನುವುದು ಮುಖ್ಯ. ನಿಜವಾದ ಕಿರಿಕಿರಿ ‘ಬೃಹತ್ ತ್ಯಾಜ್ಯ ಉತ್ಪಾದಕರು’. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ ಸರಾಸರಿ 100 ಕಿಲೋ ಕಸ ದಾಟಿಸುವವರು ಎಂದರ್ಥವಿತ್ತು. ಓದಿದರೆ ಕಾರ್ಖಾನೆ ಹಾಕಿದವರಂತೆ ಕಾಣುತ್ತದೆ.

ಬೀದರದಿಂದ:
ಕಚರಾ ಬರೆಯುವವರು ಕನ್ನಡದ ಈ ಚರ್ಚಾಪಟ್ಟಿಯಲ್ಲಿ ಏಕಿದ್ದಾರೆ?

ಯಾದಗಿರಿಯಿಂದ:
ತೇವದ ಮಾತೇ ಬಿಡಿ. ‘ಕೊಳೆಯುವ ಕಸ’, ‘ಕೊಳೆಯದ ಕಸ’. ರೊಟ್ಟಿ ಒಣಗಿದ್ದರೂ ಕೊಳೆಯುತ್ತದೆ, ಪಾಕೀಟು ಒದ್ದೆಯಾದರೂ ಕೊಳೆಯದು. ‘ಕೊಳೆಕಸ’ ಎಂದು ಸಮಾಸ ಮಾಡಬೇಡಿ, ಕೊಳಕು ಅನ್ನಿಸುತ್ತದೆ, ಕೃದಂತವಾಗಿಯೇ ಇರಲಿ.

ಬೀದರದಿಂದ:
ಉದ್ದವಾಯಿತು. ಎರಡೇ ಅಕ್ಷರದ ‘ಕಸ’ ಇರುವಾಗ ಆರಕ್ಷರದ ಮೆರವಣಿಗೆ ಏಕೆ?

ಕಲಬುರಗಿಯಿಂದ:
‘ಕೊಳೆಯುವ ಕಸ’, ಕೆಳಗೆ ಸಣ್ಣದಾಗಿ ‘ನೀರು ಬಸಿದು ಹಾಕಿ’ ಎಂದು ಬರೆಸುತ್ತಿದ್ದೇವೆ. ಪೇಂಟರಿಗೂ ಇದೇ ಸರಿ: ಎರಡರಲ್ಲೂ ಒತ್ತಕ್ಷರವಿಲ್ಲ. ‘ತ್ಯಾಜ್ಯ’ದ ಎರಡು ಒತ್ತು ಸ್ಟೆನ್ಸಿಲ್‌ನಲ್ಲಿ ಡ್ರಮ್ಮಿನ ಏಣಿನ ಮೇಲೆ ಬಂದು ಒಡೆಯುತ್ತಿದ್ದವಂತೆ.