ಮೊದಲ ಬೈಕ್ ತೆಗೀಬೇಕು: ಘಟ್ಟದ ಮೇಲಿನ ಮನೆ, ಐದಡಿ ಎರಡಿಂಚು ಎತ್ತರ, ಯಾವುದು ಸರಿ?

ದಣಪೆಯಾಚೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಓದಿ.

ನಮ್ಮ ಮನೆ ಶಿರಸಿ-ಕುಮಟಾ ರಸ್ತೆಯಲ್ಲಿ ರಾಗಿಹೊಸಳ್ಳಿ ಕಡೆ, ಮುಖ್ಯ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಮೊದಲು ಸಿಮೆಂಟ್ ರಸ್ತೆ, ಆಮೇಲೆ ಕೆಂಪು ಮಣ್ಣು, ಕೊನೆಗೊಂದು ಸಂಕ, ಅಂದರೆ ಹಳ್ಳಕ್ಕೆ ಹಾಕಿದ ಕಿರು ಸೇತುವೆ. ಸಂಕ ದಾಟಿದ ಕೂಡಲೇ ಮನೆಯ ಏರು. ಶಿರಸಿಯ ಒಂದು ಸೊಸೈಟಿಯಲ್ಲಿ ನನಗೆ ಕೆಲಸ ಸಿಕ್ಕಿ ಎಂಟು ತಿಂಗಳಾಯ್ತು. ಬೆಳಿಗ್ಗೆ ಬಸ್ಸಿಗೆ ಅಷ್ಟು ದೂರ ನಡೀತೇನೆ. ಸಂಜೆ ಬಸ್ ತಪ್ಪಿದರೆ ಅಪ್ಪ ತಮ್ಮ ಹಳೇ ಎಕ್ಸೆಲ್ ಮೊಪೆಡ್ ತೆಗೆದುಕೊಂಡು ಬರಬೇಕು. ಅವರಿಗೆ ಅರವತ್ಮೂರು, ಕತ್ತಲಾದ ಮೇಲೆ ಎದುರಿನ ಲೈಟಿಗೆ ಕಣ್ಣು ಕೋರೈಸ್ತದೆ. ನನ್ನ ಸಲುವಾಗಿ ಅವರು ಆ ರಸ್ತೆಗೆ ಇಳಿಯೋದು ಇನ್ನು ಬೇಡ ಅಂತ ಗಾಡಿ ತೆಗೆಯೋ ನಿರ್ಧಾರ ಮಾಡಿದ್ದೇನೆ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಸ್ಕೂಟಿ ತಗೋ. ನನಗೆ ಗೇರ್ ಗಾಡಿ ಬೇಕು. ಹೋದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗಳ ಸ್ಕೂಟಿಯಲ್ಲಿ ಹಿಂದೆ ಕೂತು ಬರ್ತಿದ್ದಾಗ, ಸಿಮೆಂಟ್ ರಸ್ತೆ ಮುಗಿದು ಮಣ್ಣು ಶುರುವಾಗುವಲ್ಲಿ ಮುಂದಿನ ಸಣ್ಣ ಚಕ್ರ ಹೊಂಡದಲ್ಲಿ ಕೂತುಬಿಟ್ಟಿತು, ಇಬ್ಬರೂ ಗದ್ದೆಗೆ ಬಿದ್ದೆವು. ನಮ್ಮ ರಸ್ತೆಗೆ ದೊಡ್ಡ ಚಕ್ರವೇ ಬೇಕು ಅಂತ ನನಗೆ ಅವತ್ತೇ ಅನ್ನಿಸಿತ್ತು.

ಆದರೆ ಮೊನ್ನೆ ಚೌತಿಗೆ ಇನ್ನೊಂದಾಯ್ತು. ದೊಡ್ಡಪ್ಪನ ಮಗ ಬೆಂಗಳೂರಿಂದ ತನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ತಂದಿದ್ದ. ಅಂಗಳದಲ್ಲಿ ಕಲಿಸಿದ. ಒಂದನೇ ಗೇರ್, ಕ್ಲಚ್ ನಿಧಾನ ಬಿಟ್ಟೆ, ಚೆನ್ನಾಗೇ ಹೋಯ್ತು. ತುಳಸಿಕಟ್ಟೆ ಹತ್ತಿರ ನಿಲ್ಲಿಸಿ ಎಡಗಾಲು ಊರಿದೆ. ಕಾಲ ಕೆಳಗೆ ಹಾವಸೆ. ಪಾದ ಒಂದು ಗೇಣು ಜಾರಿತು, ಅಷ್ಟೇ. ಗಾಡಿ ನಿಧಾನವಾಗಿ ನನ್ನ ಕಡೆ ವಾಲ್ತಾ ಬಂತು, ಹ್ಯಾಂಡಲ್ ಹಿಡಿದು ಎಷ್ಟು ತಡೆದರೂ ನಿಲ್ಲಲಿಲ್ಲ. ಕೈಬಿಟ್ಟು ಹಾರಿಕೊಂಡೆ. ಕ್ಲಚ್ ಲಿವರ್ ತುದಿ ಮುರಿಯಿತು. ಅಲ್ಲಿಂದ ಅಪ್ಪ ಬೈಕ್ ಮಾತೆತ್ತಿದರೆ ಎದ್ದು ತೋಟಕ್ಕೆ ಹೋಗ್ತಾರೆ.

ಒಂದು ಶೋರೂಮಿಗೂ ಹೋಗಿ ಬಂದೆ. ದುಡ್ಡು ಕೊಡೋದು ನಾನು, ಓಡಿಸೋದು ನಾನು. ಅಲ್ಲಿಯವರು ಮೈಲೇಜಿಂದ ಲೋನ್‌ವರೆಗೆ ಎಲ್ಲ ಹೇಳಿದ್ದು ಜೊತೆಗಿದ್ದ ಅಣ್ಣನ ಮುಖ ನೋಡಿಕೊಂಡು. ನನಗೆ ಹೇಳಿದ್ದು ಒಂದೇ ವಾಕ್ಯ, "ಮೇಡಮ್, ಸ್ಕೂಟರ್ ಆ ಕಡೆ ಇದೆ." ಬೇಜಾರಾಗಿ ಬಂದುಬಿಟ್ಟೆ.

ನನ್ನ ತೂಕ 48 ಕೆಜಿ, ಒಳಗಾಲಿನ ಅಳತೆ 29 ಇಂಚು. ಎಲ್ಲ ಸೇರಿ ಒಂದೂಕಾಲು ಲಕ್ಷದ ಒಳಗಾಗಬೇಕು. 100 ಸಿಸಿ ಸಾಕಾ, 150 ಬೇಕಾ? ಹೊಸದಾ, ಹಳೇದಾ? ತಿಳಿದವರು ಹೇಳಿ.

ಹೊನ್ನಾವರ ಹುಡುಗ:

ನಾನು ಮೊದಲ ಗಾಡಿಯಾಗಿ 200 ಸಿಸಿಯ ಎಕ್ಸ್‌ಪಲ್ಸ್ ತಗೊಂಡೆ, ಎರಡು ವರ್ಷ ಆಯ್ತು. ಹೊಂಡ, ಮಣ್ಣು, ಏನೇ ಬಂದರೂ ಚಿಂತೆ ಇಲ್ಲ. ಹೆದ್ದಾರಿ 66ರಲ್ಲಿ ಲಾರಿ ದಾಟಬೇಕಾದರೆ ಕೈಯಲ್ಲಿ ಶಕ್ತಿ ಬೇಕು ಅಕ್ಕ. ಸಣ್ಣ ಗಾಡಿ ತಗೊಂಡು ಆರು ತಿಂಗಳಿಗೆ ಬೇಜಾರು ಬಂದು ಮಾರಿದವರು ನಮ್ಮಲ್ಲೇ ಇದ್ದಾರೆ. ಸ್ವಲ್ಪ ದುಡ್ಡು ಹೆಚ್ಚಾದರೂ ಒಂದೇ ಸಲ ಒಳ್ಳೇದು ತಗೊಳ್ಳಿ.

ಅಂಚೆಚೀಲ (ಸಿದ್ದಾಪುರ):

ತಂಗೀ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ನಾನು ಸಿದ್ದಾಪುರ ತಾಲೂಕಿನ ಒಂದು ಬ್ರಾಂಚ್ ಆಫೀಸಿನಲ್ಲಿ ಟಪಾಲು ಹಂಚುವವಳು. ಹನ್ನೊಂದು ವರ್ಷದಿಂದ ಸ್ಪ್ಲೆಂಡರ್ ಓಡಿಸ್ತೇನೆ. ಎತ್ತರ ನಿನ್ನಷ್ಟೇ. ಹಾಗಾಗಿ ನನಗೆ ಗೊತ್ತಿದ್ದನ್ನ ಬಿಡಿಸಿ ಬರೀತೇನೆ.

ಮೇಲಿನ ತಮ್ಮ ಹೇಳಿದ್ದು ಹೆದ್ದಾರಿಗೆ ಸರಿ ಇರಬಹುದು. ನಿನ್ನ ಕಷ್ಟ ಇರೋದು ಸಂಕದ ಆಚೆ ಏರಿನಲ್ಲಿ. ಆ ಗಾಡಿಯ ಸೀಟು 825 ಮಿಲಿಮೀಟರ್ ಎತ್ತರ, ನಿನ್ನ ಕಾಲು 735ರ ಸುಮಾರು. ಅದು ನಿನಗೆ ಆಗೋದಲ್ಲ.

ಓಡ್ತಾ ಇರುವಾಗ ಯಾವ ಗಾಡಿಯದೂ ಭಾರ ಗೊತ್ತಾಗೋದಿಲ್ಲ. ಬೇಲಿಯ ದಣಪೆ ಸರಿಸಲು ಇಳಿಯುವಾಗ, ಕೊಟ್ಟಿಗೆ ಮೂಲೆಯಿಂದ ಹಿಂದಕ್ಕೆ ಎಳೆಯುವಾಗ, ಎದುರು ಜೀಪು ಬಂದು ಓರೆಯಲ್ಲಿ ನಿಲ್ಲಬೇಕಾದಾಗ ಗೊತ್ತಾಗ್ತದೆ. ನೀನು ಹತ್ತಿದ ಕ್ಲಾಸಿಕ್ 195 ಕೆಜಿ. ನನ್ನ ಸ್ಪ್ಲೆಂಡರ್ 112ರ ಹತ್ತಿರ. ನಡುವಿನ ವ್ಯತ್ಯಾಸ ಒಂದೂವರೆ ಹಿಂಡಿಚೀಲಕ್ಕಿಂತ ಹೆಚ್ಚು. ಕಾಲು ಜಾರಿದ ಹೊತ್ತಲ್ಲಿ ಅಷ್ಟನ್ನ ಹೊಸಬರು ಯಾರೂ ತಡೆಯೋದಿಲ್ಲ, ಗಂಡಸರೂ ಕೂಡ. ಒಂದು ಮಟ್ಟಕ್ಕಿಂತ ವಾಲಿದ ಗಾಡಿಯನ್ನ ಬಿಟ್ಟು ದೂರ ಹಾರೋದೇ ಸರಿ. ಕಾಲು ಅಡಿಗೆ ಸಿಕ್ಕಿದ್ದರೆ ಸೈಲೆನ್ಸರಿಗೆ ಸುಡ್ತಿತ್ತು. ನಿನ್ನಿಂದ ತಪ್ಪಾಗಲಿಲ್ಲ, ಇದನ್ನ ಅಪ್ಪನಿಗೂ ಹೇಳು.

ಈಗ ನನ್ನದು ಕೇಳು. ಗಾಡಿ ತೆಗೆದ ಮೊದಲ ವರ್ಷ, ಪುನರ್ವಸು ಮಳೆ. ಒಂದು ಮನೆಯ ಏರು ಹತ್ತುವಾಗ ಎದುರಿಂದ ಎಮ್ಮೆ ಬಂತು. ನಿಲ್ಲಿಸಿದೆ. ಗಡಿಬಿಡಿಯಲ್ಲಿ ಬಲಗಾಲು ಊರಿಬಿಟ್ಟೆ. ಬಲಗಾಲು ಊರಿದ ಮೇಲೆ ಹಿಂದಿನ ಬ್ರೇಕ್ ಮೇಲೆ ಯಾವ ಕಾಲು? ಮುಂದಿನ ಬ್ರೇಕ್ ಒಂದನ್ನೇ ಹಿಡಿದಿದ್ದೆ. ಏರಿನಲ್ಲಿ ಭಾರ ಎಲ್ಲ ಹಿಂದಿನ ಚಕ್ರದ ಮೇಲೆ ಬೀಳ್ತದೆ, ಹಗುರಾದ ಮುಂದಿನ ಚಕ್ರ ಒದ್ದೆ ಹಾವಸೆ ಮೇಲೆ ಹಿಡಿದುಕೊಳ್ಳಲಿಲ್ಲ. ಚಕ್ರ ತಿರುಗದೇ ಇದ್ದರೂ ಗಾಡಿ ಹಿಂದೆ ಹಿಂದೆ ಜಾರಿತು. ಬಿದ್ದೆವು. ಚೀಲ ಅಗಳಕ್ಕೆ ಹೋಯ್ತು. ನನಗೆ ಮೊಣಕೈ ತರಚಿದ್ದರ ಪರಿವೆ ಇಲ್ಲ, ಕಾಗದ ಒದ್ದೆಯಾಯ್ತಲ್ಲ ಅಂತ ಅಳು. ಆ ಮನೆಯ ಅಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಚ್ಚಲ ಒಲೆ ಎದುರು ಮಣೆ ಹಾಕಿ ಕೂರಿಸಿದರು. ಇಬ್ಬರೂ ಸೇರಿ ಒಂದೊಂದೇ ಕವರು ಬಿಸಿಗೆ ಹಿಡಿದು ಒಣಗಿಸಿದೆವು. ಒಂದರ ಮೇಲೆ ವಿಳಾಸದ ಶಾಯಿ ಪೂರ್ತಿ ಕರಗಿ ಪಿನ್‌ಕೋಡಿನ ಕೊನೆಯ ಎರಡು ಅಂಕಿ ಮಾತ್ರ ಉಳಿದಿತ್ತು.

ಆವತ್ತಿಂದ ಏರಿನಲ್ಲಿ ನಿಂತರೆ ಎಡಗಾಲೇ ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಹೊರಡುವಾಗ ಕ್ಲಚ್ ನಿಧಾನ ಬಿಡು. ಇಂಜಿನ್ ಸದ್ದು ಸ್ವಲ್ಪ ದಪ್ಪ ಆಗಿ ಗಾಡಿ ಮುಂದೆ ಎಳೆದ ಹಾಗೆ ಆಗ್ತದೆ. ಅದಾದ ಮೇಲೇ ಬ್ರೇಕ್ ಬಿಡಬೇಕು. ಮನೆ ಏರಿನಲ್ಲಿ ದಿನಾ ಹತ್ತು ಸಲ ಇದನ್ನೇ ಮಾಡು. ಮೈದಾನದಲ್ಲಿ ಎಂಟು ಹಾಕಲು ಎಲ್ಲರೂ ಕಲಿಸ್ತಾರೆ, ಇದನ್ನ ಯಾರೂ ಕಲಿಸೋದಿಲ್ಲ.

ಸೀಟಿನ ಎತ್ತರ ಕಾಗದದ ಮೇಲೆ ನೋಡಿ ಹೆದರಬೇಡ. ಸ್ಪ್ಲೆಂಡರ್ 785, ಶೈನ್ 125 ಆದರೆ 791. ಕೂತಾಗ ಶಾಕ್ ಒಂದಿಷ್ಟು ತಗ್ಗುತ್ತದೆ. ಎರಡೂ ಪಾದದ ಬೆರಳಿನ ಬುಡ ಊರಿದರೆ, ಸ್ವಲ್ಪ ಸರಿದು ಎಡಗಾಲು ಪೂರ್ತಿ ಊರಲು ಬಂದರೆ ಸಾಕು. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಕೂತು ನೋಡು. ಸೀಟಿನ ಮುಂಭಾಗ ಅಗಲ ಇದ್ದರೆ ಅದೇ ಎತ್ತರದಲ್ಲೂ ಕಾಲು ಎಟುಕೋದಿಲ್ಲ.

ನನ್ನ ಸಲಹೆ 125. ದಿನಕ್ಕೆ ನಲವತ್ತು ಕಿಲೋಮೀಟರ್ ಮೀರಿ ಓಡಬೇಕಲ್ಲ, 100ಕ್ಕಿಂತ ಸ್ವಲ್ಪ ಆರಾಮ. ಶೈನ್ 113 ಕೆಜಿಯ ಸುಮಾರು, ನಿನ್ನ ಕೈಗೆ ಬರ್ತದೆ. ಶೋರೂಮಿನಲ್ಲಿ ನುಣ್ಣನೆ ನೆಲದ ಮೇಲೆ ಕೂತು ತೀರ್ಮಾನ ಮಾಡಬೇಡ. ಹೊರಗೆ ತರಿಸು, ಇಂಜಿನ್ ಬಂದ್ ಮಾಡಿಸು, ಓರೆ ಇರುವಲ್ಲಿ ನೀನೊಬ್ಬಳೇ ಹಿಂದಕ್ಕೆ ಎಳೆದು ನೋಡು. ಎಳೆಯಲಾಗದ ಗಾಡಿ ಎಷ್ಟು ಚೆಂದ ಇದ್ದರೂ ಬೇಡ.

ಕುಮಟಾ ಗ್ಯಾರೇಜ್:

ಅಂಚೆ ಅಕ್ಕೋರು ಬರೆದದ್ದಕ್ಕೆ ಒಂದೇ ಒಂದು ಸೇರಿಸ್ತೆ. ಬ್ರೇಕು.

125 ಸಿಸಿಗಿಂತ ಮೇಲಿನ ಹೊಸ ಬೈಕಿಗೆಲ್ಲ 2019ರ ಏಪ್ರಿಲಿಂದ ಎಬಿಎಸ್ ಕಡ್ಡಾಯ. 125 ಮತ್ತು ಅದಕ್ಕಿಂತ ಕೆಳಗೆ ಸಾಮಾನ್ಯವಾಗಿ ಸಿಬಿಎಸ್ ಬರ್ತದೆ. ಅಂದರೆ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡೀತದೆ. ಹೆದರಿ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗೋದನ್ನ ಅದು ತಪ್ಪಿಸೋದಿಲ್ಲ, ಎಬಿಎಸ್ ತಪ್ಪಿಸ್ತದೆ. ಹೊಸಬರು ಹೆದರಿದಾಗ ಜೋರಾಗೇ ಒತ್ತೋದು. ಮೊದಲ ಮಳೆ ಬಿದ್ದ ದಿನ, ರಸ್ತೆ ಮೇಲೆ ಆಯಿಲು ಧೂಳು ಸೇರಿ ಲೋಳೆ ಆದ ಹೊತ್ತಲ್ಲಿ, ನನ್ನ ಗ್ಯಾರೇಜಿಗೆ ಬರೋ ಗಾಡಿಗಳ ಹ್ಯಾಂಡಲ್ ನೋಡಿದರೆ ಗೊತ್ತಾಗ್ತದೆ, ಎಲ್ಲ ಮುಂದಿನ ಚಕ್ರ ಜಾರಿ ಬಿದ್ದವು.

ಯುನಿಕಾರ್ನ್ 160ಗೆ ಎಬಿಎಸ್ ಇದೆ, ಆದರೆ 140 ಕೆಜಿ ಹತ್ತಿರ, ಸೀಟು 798. ದುಡ್ಡೂ ನಿಮ್ಮ ಲೆಕ್ಕ ದಾಟ್ತದೆ. 125ರಲ್ಲೇ ಎಬಿಎಸ್ ಇರೋದೂ ಸಿಗ್ತದೆ, ಎಕ್ಸ್‌ಟ್ರೀಮ್ 125ಆರ್ ಗಾಡಿಯ ಒಂದು ಮಾಡೆಲ್. 136 ಕೆಜಿ, ಸೀಟು 794. ಎಳೆದು ನೋಡಿ, ಆಗ್ತದೆ ಅಂದರೆ ನಾನಾದರೆ ಅದಕ್ಕೇ ಹೇಳ್ತೆ. ಆ ಮಾಡೆಲಿನ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನದನ್ನ ಹದವಾಗೇ ತುಳೀಬೇಕು.

ಗೇರ್ ಗಾಡಿ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ನೀವು ಬರೀಲಿಲ್ಲ. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿ ಹಿಡಿದುಕೊಳ್ತದೆ. ಸ್ಕೂಟರಿಗೆ ಬೆಲ್ಟು, ಅಷ್ಟು ಹಿಡಿತ ಸಿಗೋದಿಲ್ಲ, ಬ್ರೇಕ್ ಮೇಲೇ ಇಳೀಬೇಕು, ಡ್ರಮ್ಮು ಕಾಯ್ತದೆ. ಪೆಟ್ರೋಲ್ ಉಳೀತದೆ ಅಂತ ನ್ಯೂಟ್ರಲ್ ಮಾಡಿ ಇಳಿಯೋರು ಇದ್ದಾರೆ, ಅದನ್ನ ಯಾವತ್ತೂ ಮಾಡಬೇಡಿ. ರೇನ್‌ಕೋಟ್ ಹಾಕಲು ಗುಡ್ಡ ಕಡಿದ ಧರೆ ಅಡಿಗೆ ನಿಲ್ಲಲೂಬೇಡಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಲ್ಲಿ ಗುಡ್ಡ ಕುಸಿದಾಗ ರಸ್ತೆ ಬದಿ ಹೋಟೆಲೇ ಹೋಯ್ತು. ನೆನೆದರೂ ಪರವಾಗಿಲ್ಲ, ಬಯಲಿಗೆ ಬಂದು ನಿಲ್ಲಿ.

ಅಡಿಕೆ ಹಾಳೆ ಬಗ್ಗೆ ನಿಮಗೆ ಹೇಳೋದು ಬೇಡ, ಆದರೂ ಒದ್ದೆ ಹಾಳೆ ಮೇಲೆ ಬ್ರೇಕ್ ಹಿಡೀಬೇಡಿ.

ಕಾಳಿ ದಂಡೆ (ಕಾರವಾರ):

ಹಳೇದು ನೋಡೋದಾದರೆ ಎರಡು ಮಾತು. ಕರಾವಳಿಯ ಗಾಡಿ ಮೇಲೆ ಹೊಳೀತಿದ್ದರೂ ಮಡ್‌ಗಾರ್ಡ್ ಒಳಗೆ, ಸೈಲೆನ್ಸರ್ ಅಡಿಗೆ, ಸ್ಟ್ಯಾಂಡಿನ ಬುಡಕ್ಕೆ ಕೈ ಹಾಕಿ ನೋಡಿ, ಉಪ್ಪು ಗಾಳಿಗೆ ತುಕ್ಕು ಅಲ್ಲಿಂದಲೇ ಶುರು. ನಮ್ಮ ಕಡೆ ಗೋವಾ ನಂಬರಿನ ಗಾಡಿ ಕಡಿಮೆಗೆ ಸಿಗ್ತದೆ ಅಂತ ಹೇಳ್ತಾರೆ. ಅದನ್ನ ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಲು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಲೆಕ್ಕ ಹಾಕಿದರೆ ಉಳಿತಾಯ ಕರಗಿ ಹೋಗ್ತದೆ. ಅದೂ ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ಗಾಡಿ ಮಾರೋರು ಮೊದಲಿನ ರೇಟ್ ಇಟ್ಟುಕೊಂಡೇ ಮಾತಾಡ್ತಾರೆ. ಹೊಸದೇ ಮೇಲು.

ಎಲ್ಎಲ್ (ಕಲಿಯುವವರ ಲೈಸೆನ್ಸ್) ಅರ್ಜಿ ಹಾಕುವಾಗ ಗೇರ್ ಇರುವ ಬೈಕ್ ಅಂತಲೇ ಹಾಕಿ. ಸ್ಕೂಟರ್ ಅಂತ ಹಾಕಿ ಟೆಸ್ಟ್ ಪಾಸಾದರೆ ಆ ಲೈಸೆನ್ಸಿನಲ್ಲಿ ಗೇರ್ ಗಾಡಿ ಓಡಿಸುವ ಹಾಗಿಲ್ಲ. ಎಲ್ಎಲ್ ಆರು ತಿಂಗಳು ಇರ್ತದೆ, 30 ದಿನ ಆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಹೆಲ್ಮೆಟ್ ಮುಖ ಮುಚ್ಚುವಂಥದ್ದು, ಐಎಸ್‌ಐ ಗುರುತು ಇರುವುದು. ಒಂದೂಕಾಲು ಲಕ್ಷದಲ್ಲಿ ಅದರ ದುಡ್ಡು ಮೊದಲೇ ತೆಗೆದಿಡಿ.

ದಣಪೆಯಾಚೆ (ಶಿರಸಿ):

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಅಕ್ಕ, ನೀವು ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಬಚ್ಚಲ ಒಲೆ ಎದುರು ಕಾಗದ ಒಣಗಿಸಿದ ಮಾತು ಬಂದಾಗ ಅಡಿಕೆ ಸುಲಿಯೋದು ನಿಲ್ಲಿಸಿ ಕೇಳಿದರು. ಮರುದಿನ ತಾವೇ ಜೊತೆಗೆ ಬರ್ತೇನೆ ಅಂದರು.

ಬೇರೆ ಶೋರೂಮಿಗೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ, ಗಾಡಿ ನನಗೆ, ಮಾತು ನನ್ನ ಹತ್ತಿರ ಆಡಿ ಅಂದೆ. ಆಡಿದರು. ಎಕ್ಸ್‌ಟ್ರೀಮನ್ನ ಹೊರಗೆ ಓರೆಯಲ್ಲಿ ನಿಲ್ಲಿಸಿಕೊಟ್ಟರು. ಮೊದಲ ಸಲ ಬರೀ ಕೈ ಬಲದಲ್ಲಿ ಎಳೆದೆ, ಅಲುಗಲಿಲ್ಲ. ಸೊಂಟ ಸೀಟಿಗೆ ಒತ್ತಿಟ್ಟು ಹಿಮ್ಮಡಿ ಊರಿ ಎಳೆದಾಗ ನಾಲ್ಕು ಹೆಜ್ಜೆ ಬಂತು. ಪಾದದ ಬೆರಳಿನ ಬುಡ ಎರಡೂ ಕಡೆ ಊರ್ತದೆ. ಆಮೇಲೆ ಹೋಂಡಾದವರಲ್ಲಿ ಶೈನ್ ಎಳೆದೆ, ಅದು ಸಲೀಸು. ಯುನಿಕಾರ್ನ್ ಎರಡು ಹೆಜ್ಜೆಗೆ ವಾಲಲು ಶುರುವಾಯ್ತು, ಅಪ್ಪ ಹಿಡಿದುಕೊಂಡರು. ಒಂದು ರಾತ್ರಿ ಯೋಚನೆ ಮಾಡಿ ಎಬಿಎಸ್ ಇರುವ 125ಗೇ ಮುಂಗಡ ಕೊಟ್ಟೆ. ಎಲ್ಎಲ್ ಕೂಡ ಬಂತು, ಗೇರ್ ಇರುವುದಕ್ಕೇ.

ಗಾಡಿ ಬರೋದು ಮುಂದಿನ ವಾರ. ಮಳೆ ಇನ್ನೂ ಪೂರ್ತಿ ಹೋಗಿಲ್ಲ. ಇವತ್ತು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅಪ್ಪ ಸಂಕದಾಚೆ ಏರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಳೇ ಕತ್ತಿಯಲ್ಲಿ ಹಾವಸೆ ಕೆರೀತಾ ಇದ್ದರು. ಎರಡು ಚಕ್ರದ ಜಾಡಿನಷ್ಟಕ್ಕೇ ಅಲ್ಲ, ರಸ್ತೆಯ ಪೂರ್ತಿ ಅಗಲಕ್ಕೆ.