80ರ ಹತ್ತಿರ ‘ಗುಂಯ್’, ರಿವರ್ಸ್ ಹಾಕಿದರೆ ‘ಟಣ್’: ಚಕ್ರವೋ, ಪ್ರೊಪೆಲ್ಲರ್ ಶಾಫ್ಟೋ?

ಪ್ರಶ್ನೆ:
ನನ್ನದು ಫೋರ್ ವೀಲ್ ಡ್ರೈವ್ ಗಾಡಿ, ಮ್ಯಾನುಯಲ್ ಗೇರ್. ಬೇಕಾದಾಗ ಮಾತ್ರ ಲಿವರ್ ಎಳೆದು ಫೋರ್ ವೀಲ್‌ಗೆ ಹಾಕುವ ಬಗೆ. ಮುಂದಿನ ಚಕ್ರಗಳಲ್ಲಿ ಹಬ್ ಲಾಕ್ (ಚಕ್ರವನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸುವ ಕೊಂಡಿ) ಇಲ್ಲ. ಎರಡು ತಿಂಗಳಿಂದ 70 ದಾಟಿದ ಕೂಡಲೇ ನೆಲದಿಂದ ‘ಗುಂಯ್’ ಅಂತ ಶುರುವಾಗುತ್ತದೆ, 80ಕ್ಕೆ ಜೋರು. ಸೀಟು, ಗೇರ್ ಲಿವರ್ ಎರಡೂ ಜುಮ್ ಅನ್ನುತ್ತವೆ. ಜೊತೆಗೆ ಮೊದಲನೇ ಗೇರ್‌ನಿಂದ ರಿವರ್ಸ್‌ಗೆ ಹಾಕಿ ಕ್ಲಚ್ ಬಿಟ್ಟರೆ ಕೆಳಗೆ ‘ಟಣ್’. ಚಕ್ರಗಳ ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದೆ, ಏನೂ ಬದಲಾಗಲಿಲ್ಲ. ಆಕ್ಸಲ್ ಕಡೆಗೆ ಎಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ (ಮುಂದಕ್ಕೊಂದು, ಹಿಂದಕ್ಕೊಂದು ಇದೆ) ಪೂರ್ತಿ ಹೊಸದು ಹಾಕಿಬಿಡಲಾ?

ಉತ್ತರ 1:
ವೀಲ್ ಬೇರಿಂಗ್ ನೋಡಿ. ನನ್ನ ಗಾಡಿಯಲ್ಲೂ ಹೀಗೇ ಗುಂಯ್ ಅನ್ನುತ್ತಿತ್ತು, ಬೇರಿಂಗ್ ಹೋಗಿತ್ತು.

ಉತ್ತರ 2:
ಬೇರಿಂಗ್ ಆಗಿದ್ದರೆ ಉದ್ದ ತಿರುವಿನಲ್ಲಿ ಗಾಡಿಯ ಭಾರ ಒಂದು ಪಕ್ಕಕ್ಕೆ ಹೋದಾಗ ಶಬ್ದ ಹೆಚ್ಚು ಕಡಿಮೆ ಆಗುತ್ತದೆ. ಮೊದಲು ಅದನ್ನು ಗಮನಿಸಿ, ಖರ್ಚಿಲ್ಲದ ಪರೀಕ್ಷೆ. ಆದರೆ ದಯವಿಟ್ಟು ಶಾಫ್ಟ್ ಮಾತ್ರ ಈಗಲೇ ತರಬೇಡಿ ಸರ್. ಶಬ್ದ ಹೇಗಿದೆ ಅನ್ನುವುದಕ್ಕಿಂತ, ಯಾವುದರ ಜೊತೆ ಏರಿಳಿಯುತ್ತದೆ ಅನ್ನುವುದು ಮುಖ್ಯ.

ಖಾಲಿ ನೇರ ರಸ್ತೆಯಲ್ಲಿ 85ರ ತನಕ ಹೋಗಿ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಬೇಡಿ. ಶಬ್ದ ನಿಂತುಹೋದರೆ ಎಂಜಿನ್, ಕ್ಲಚ್ ಕಡೆ ಹುಡುಕಿ. ಹಾಗೇ ಉಳಿದು, ವೇಗ ಇಳಿದಂತೆ ಇಳಿದರೆ ಶಾಫ್ಟ್, ಆಕ್ಸಲ್, ಚಕ್ರ, ಈ ಮೂರರಲ್ಲೊಂದು.

ಆಮೇಲೆ ಸ್ವಲ್ಪ ಲೆಕ್ಕ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಅಂತ ಇಟ್ಟುಕೊಳ್ಳಿ. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22.2 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಆಕ್ಸಲ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನುವುದು) 4.1 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 41 ಸುತ್ತು. ಚಕ್ರದ ಬ್ಯಾಲೆನ್ಸ್ ದೋಷ ಸೆಕೆಂಡಿಗೆ 10 ಕಂಪನದಲ್ಲಿ (10 ಹರ್ಟ್ಸ್) ಬರುತ್ತದೆ. ಅದು ಗುಂಯ್ ಅನ್ನುವುದಿಲ್ಲ, ದಡದಡ ಕುಲುಕಿಸುತ್ತದೆ. ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ದರೆ 41. ಶಾಫ್ಟ್ ತುದಿಯ ಕೀಲಿನಲ್ಲಿರುವ + ಆಕಾರದ ತುಂಡು, ಅಂದರೆ ಯು.ಜೆ. ಕ್ರಾಸ್‌ನ ಕೋನ ಸರಿಯಿಲ್ಲದಿದ್ದರೆ ಒಂದು ಸುತ್ತಿಗೆ ಎರಡು ಸಲ ಹೊಡೆತ, ಅಂದರೆ 82. ಫೋನಿನಲ್ಲಿ ಶಬ್ದದ ಸ್ಪೆಕ್ಟ್ರಮ್ (ಯಾವ ಹರ್ಟ್ಸ್ ಎಷ್ಟು ಜೋರು ಅನ್ನುವ ಗೆರೆಗಳು) ತೋರಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ನ್ಯೂಟ್ರಲ್‌ನಲ್ಲೇ ಅಳೆಯಿರಿ. ನಾಲ್ಕು ಸಿಲಿಂಡರ್ ಎಂಜಿನ್ 2,500 ಆರ್.ಪಿ.ಎಂ.ನಲ್ಲಿ ತಾನೇ 83ರ ಸುತ್ತ ಗುಂಯ್‌ಗುಡುತ್ತದೆ, ಸುಮ್ನೆ ದಾರಿ ತಪ್ಪಿಸುತ್ತದೆ.

ಇನ್ನೊಂದು ಪ್ರಶ್ನೆ. ಎರಡು ತಿಂಗಳ ಹಿಂದೆ ಕೆಳಗೆ ಏನಾದರೂ ಕೆಲಸ ಮಾಡಿಸಿದ್ರಾ?

ಪ್ರಶ್ನೆ ಕೇಳಿದವರು:
ತಿರುವಿನಲ್ಲಿ ಶಬ್ದ ಬದಲಾಗಲಿಲ್ಲ. ನ್ಯೂಟ್ರಲ್‌ನಲ್ಲೂ ಹಾಗೇ ಇತ್ತು. ಆ್ಯಪ್‌ನಲ್ಲಿ 80ಕ್ಕೆ 82, 83ರ ಹತ್ತಿರ ಒಂದೇ ದೊಡ್ಡ ಗೆರೆ. ಕೆಲಸ ಅಂದರೆ... ಗ್ರೀಸ್ ಹೊಡೆಸಿದ್ದೆ ಅಷ್ಟೇ. ಮುಂದಿನ ಶಾಫ್ಟ್‌ನ ಸ್ಪ್ಲೈನ್ (ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಒಣಗಿದೆ ಅಂತ ಬಿಚ್ಚಿ ಹಚ್ಚಿದ್ದರು.

ಉತ್ತರ 2:
ಸಿಕ್ಕಿತು ಅನ್ನಿಸುತ್ತದೆ! ಹಬ್ ಲಾಕ್ ಇಲ್ಲದ ಗಾಡಿಯಲ್ಲಿ ಟೂ ವೀಲ್‌ನಲ್ಲಿದ್ದರೂ ಸಾಮಾನ್ಯವಾಗಿ ಮುಂದಿನ ಶಾಫ್ಟ್ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಚಕ್ರಗಳಿಗೆ ಅಡ್ಡ ಕೊಟ್ಟು ಮುಂದಿನ ಶಾಫ್ಟ್ ಬಿಚ್ಚಿ, ಟೂ ವೀಲ್‌ನಲ್ಲೇ ಓಡಿಸಿ ನೋಡಿ. ಬಿಚ್ಚುವ ಮೊದಲು ತುದಿಗಳಲ್ಲಿ ಬೋಲ್ಟ್ ಕೂರುವ ಫ್ಲ್ಯಾಂಜ್‌ಗಳ ಮೇಲೆ ಪೇಂಟ್‌ನಿಂದ ಗುರುತು ಹಾಕಿ. ಹಿಂದಿನದಕ್ಕೆ ಈಗ ಕೈ ಹಾಕಬೇಡಿ. ಅದು ಇಲ್ಲದಿದ್ದರೆ ಗೇರ್‌ನಲ್ಲಿ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಂದೆಯೇ ಇರುತ್ತದೆ.

ಶಬ್ದ ಹೋದರೆ ಬಿಚ್ಚಿದ ಶಾಫ್ಟನ್ನು ನೆಲದ ಮೇಲಿಟ್ಟು ಒಂದು ತುದಿಯಿಂದ ಕಣ್ಣು ಹಾಯಿಸಿ. ಶಾಫ್ಟ್‌ಗೆ ಅಂಟಿಕೊಂಡಿರುವ, ಕ್ರಾಸನ್ನು ಹಿಡಿಯುವ ಕವೆಯಂಥ ಎರಡೂ ತುದಿಯ ಯೋಕ್‌ಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಒಂದು ಕ್ರಾಸ್ ತಿರುಗುವಾಗ ಸುತ್ತಿನಲ್ಲಿ ಎರಡು ಸಲ ವೇಗ ಏರಿಸಿ ಇಳಿಸುತ್ತದೆ, ಇನ್ನೊಂದು ಅದನ್ನು ಉಲ್ಟಾ ಮಾಡಿ ಸಮ ಮಾಡುತ್ತದೆ. ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೆ ಆ ಲೆಕ್ಕವೇ ಕೆಡುತ್ತದೆ.

ಪ್ರಶ್ನೆ ಕೇಳಿದವರು:
ಶಾಫ್ಟ್ ಬಿಚ್ಚಿ 90ರ ತನಕ ಹೋದೆ. ನಿಶ್ಶಬ್ದ! ನೆಲದ ಮೇಲಿಟ್ಟು ನೋಡಿದರೆ ಒಂದು ಯೋಕ್ ನೆಟ್ಟಗೆ, ಇನ್ನೊಂದು ಸೊಟ್ಟ. ಸ್ಪ್ಲೈನ್ ಮೇಲೆ ಬಾಣದ ಗುರುತು ಇತ್ತು, ಗ್ರೀಸ್ ಮಣ್ಣು ಮುಚ್ಚಿಕೊಂಡಿತ್ತು. ಒರೆಸಿದರೆ ಎರಡು ಬಾಣ ಎರಡು ಹಲ್ಲು ದೂರ. ಎಳೆದು ಸರಿಯಾಗಿ ಕೂರಿಸಿದೆ, ಗುಂಯ್ ಹೋಯಿತು. ‘ಟಣ್’ ಮಾತ್ರ ಇದೆ.

ಉತ್ತರ 2:
ಅದು ಬೇರೆ ಕಾಯಿಲೆ. ಸಮತಟ್ಟು ಜಾಗ, ಎಂಜಿನ್ ಆಫ್, ಚಕ್ರಗಳಿಗೆ ಅಡ್ಡ, ನ್ಯೂಟ್ರಲ್. ಹಿಂದಿನ ಶಾಫ್ಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿ. ಸ್ವಲ್ಪ ಅಲ್ಲಾಡಿದರೆ ಗಾಬರಿ ಬೇಡ. ಆಕ್ಸಲ್ ಮಧ್ಯದ ಗೇರ್‌ಗಳಾದ ಡಿಫರೆನ್ಶಿಯಲ್‌ನ ಹಲ್ಲುಗಳ ನಡುವೆ ಅಷ್ಟು ಸಡಿಲ ಇದ್ದೇ ಇರುತ್ತದೆ, ಜನ ಅದನ್ನೇ ನೋಡಿ ಡಿಫರೆನ್ಶಿಯಲ್ ಬಿಚ್ಚಿಸುತ್ತಾರೆ. ನೋಡಬೇಕಾದದ್ದು ಕ್ರಾಸ್‌ನ ಎರಡೂ ಕಡೆಯ ಯೋಕ್. ಒಂದು ಅಲುಗಿ ಇನ್ನೊಂದು ಅಲುಗದಿದ್ದರೆ ಕ್ರಾಸ್ ಸವೆದಿದೆ. ಕ್ರಾಸ್‌ನ ಕಾಲುಗಳಿಗೆ ಮುಚ್ಚಿದ ಬೇರಿಂಗ್ ಕಪ್ ಸುತ್ತ ಕೆಂಪು ಪುಡಿ ಇದ್ದರಂತೂ ಅನುಮಾನವೇ ಬೇಡ.

ಪ್ರಶ್ನೆ ಕೇಳಿದವರು:
ಡಿಫರೆನ್ಶಿಯಲ್ ಕಡೆಯ ಕ್ರಾಸ್‌ನಲ್ಲಿ ಪ್ಲೇ ಇತ್ತು. ಕಪ್ ತೆಗೆದರೆ ಗ್ರೀಸ್ ಇಲ್ಲ, ಸೂಜಿ ರೋಲರ್‌ಗಳು ತುಕ್ಕಿನ ಪುಡಿ. ಕ್ರಾಸ್‌ನ ಕಾಲಿನ ಮೇಲೆ ಉಗುರಿಗೆ ತಾಗುವಷ್ಟು ಆಳದ ಗೆರೆಗಳು. ಹೊಸ ಕ್ರಾಸ್ ಹಾಕಿಸಿದೆ. ಈಗ ರಿವರ್ಸ್ ಹಾಕಿದರೆ ಕಿವಿಗೊಟ್ಟು ಕೇಳಿದರೆ ಮಾತ್ರ ಸಣ್ಣ ‘ಟಕ್’. ಅದು ಹಲ್ಲುಗಳದ್ದೇ ಅಲ್ವಾ?

ಉತ್ತರ 2:
ಹೌದು, ಅದನ್ನು ಬಿಟ್ಟುಬಿಡಿ. ಪೇಂಟ್ ಡಬ್ಬಿ ಹೇಗೂ ಕೈಯಲ್ಲಿದೆಯಲ್ಲ, ಆ ಎರಡು ಬಾಣಗಳಿಗೂ ಒಂದೊಂದು ಗೆರೆ ಎಳೆದುಬಿಡಿ. ಮುಂದಿನ ಸಲ ಗ್ರೀಸ್ ಹಚ್ಚುವವರಿಗೆ ಕಾಣಲಿ.