‘ಮುಂದೆ ಏನ್ಮಾಡ್ತೀಯ?’ ಅನ್ನೋ ಬದಲು ಏನು ಕೇಳಬೇಕು?

ಕೇಳಿದವರು, ಹೊಸ ಅಧ್ಯಾಪಕಿ:
ಪಾಠ ಮಾಡಲು ಶುರು ಮಾಡಿ ಎರಡು ವರ್ಷ ಆಯಿತು. ಈ ಸಲ ಕೊನೆಯ ವರ್ಷದ 18 ವಿದ್ಯಾರ್ಥಿಗಳನ್ನು ನನ್ನ ಜವಾಬ್ದಾರಿಗೆ ಕೊಟ್ಟಿದ್ದಾರೆ. ಮುಂದೇನು ಅಂದರೆ ಅರ್ಧ ಜನ ತಲೆ ತಗ್ಗಿಸುತ್ತಾರೆ, ಉಳಿದವರು ಮನೆಯಲ್ಲಿ ಹೇಳಿದ್ದನ್ನು ಒಪ್ಪಿಸುತ್ತಾರೆ. ‘ಇದು ನನ್ನ ಕೆಲಸ’ ಅನ್ನೋ ಭಾವನೆ ಅವರಲ್ಲಿ ಹುಟ್ಟೋಕೆ ನಾನೇನು ಮಾಡಬಹುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ರಸಾಯನಶಾಸ್ತ್ರ ಕಲಿಸುವವರು, 16 ವರ್ಷದಿಂದ:
ನಾನು ಮೊದಲು ಆಸಕ್ತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಡುತ್ತಿದ್ದೆ. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಸಿದ್ಧಾಂತದ ಮೇಲೆ ಮಾಡಿದ್ದು. ಕೈಕೆಲಸದ ಒಲವು, ಹುಡುಕಾಟದ ಒಲವು, ಕಲೆ, ಜನರ ಜೊತೆಗಿನ ಕೆಲಸ, ಮುಂದಾಳತ್ವ, ಲೆಕ್ಕಪತ್ರದ ಅಚ್ಚುಕಟ್ಟು ಅಂತ ಆರು ಬಗೆ. ಮಾತು ಶುರು ಮಾಡೋಕೆ ಒಳ್ಳೆಯದು. ಆದರೆ ಹುಡುಗರು ಅದನ್ನು ಜಾತಕದ ಥರ ಹಿಡಿದುಕೊಂಡುಬಿಟ್ಟರು. ‘ನಾನು ಆ ಟೈಪ್ ಅಲ್ವಂತೆ ಮೇಡಂ’ ಅಂತ ಒಬ್ಬಳು ಇಷ್ಟಪಟ್ಟ ಕೆಲಸದ ಆಸೆಯನ್ನೇ ಬಿಟ್ಟಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಈಗ ಒಂದು ಸಣ್ಣ ನೋಟ್‌ಬುಕ್ ಕೊಡುತ್ತೇನೆ. ಎರಡು ವಾರ, ದಿನಕ್ಕೆ ಮೂರೇ ಸಾಲು. ಇವತ್ತು ಏನು ಮಾಡಿದೆ, ಹೊತ್ತು ಹೋಗಿದ್ದು ಯಾವಾಗ ಗೊತ್ತಾಗಲಿಲ್ಲ, ನಿನ್ನಿಂದ ಯಾರಿಗೆ ಏನು ಉಪಯೋಗ ಆಯಿತು. ಒಬ್ಬ ಹುಡುಗನ ಪುಸ್ತಕದಲ್ಲಿ ಲ್ಯಾಬ್ ವಿಷಯ ಒಂದೂ ಇರಲಿಲ್ಲ. ‘ಅವನಿಗೆ ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲ ಬೇರೆ ಥರ ಹೇಳಿದಾಗ ಅರ್ಥ ಆಯ್ತು’ ಎಂಬಂಥ ಸಾಲು ಐದು ಕಡೆ ಇತ್ತು. ನಾನು ಏನೂ ಹೇಳಲಿಲ್ಲ. ಆ ಐದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ವಾಪಸ್ ಕೊಟ್ಟೆ. ಬಾಗಿಲ ಹತ್ತಿರ ನಿಂತುಕೊಂಡೇ ಓದಿದ. ‘ಇದೂ ಒಂದು ಕೆಲಸ ಅಂತ ಅಂದುಕೊಂಡಿರಲಿಲ್ಲ ಮೇಡಂ’ ಅಂದ.

ಅಲ್ಲಿಗೇ ‘ನೀನು ಮೇಷ್ಟ್ರಾಗು’ ಅಂದುಬಿಡಬಾರದು. ಆರು ವಾರ, ಮೊದಲ ವರ್ಷದವರಿಗೆ ಶನಿವಾರ ಲೆಕ್ಕ ಹೇಳಿಕೊಡಲು ಕಳಿಸಿದೆ. ಮೂರನೇ ವಾರ ಮುಖ ಸಪ್ಪಗೆ ಮಾಡಿಕೊಂಡು ಬಂದ. ಯಾರೂ ಕೇಳಿಸಿಕೊಳ್ಳಲ್ಲ, ಸಾಕಾಗಿದೆ ಅಂದ. ನಾಲ್ಕನೇ ವಾರ ನಾನು ಕರೆಯದೆ ತಾನೇ ಹೋಗಿದ್ದ. ನಾನು ನೋಡೋದು ಅದನ್ನೇ. ಇಷ್ಟ ಅನ್ನೋದು ಒಳಗೆಲ್ಲೋ ಸಿದ್ಧವಾಗಿ ಕೂತಿರುತ್ತದೆ, ಹುಡುಕಿದರೆ ಸಾಕು ಅಂತ ನಂಬಿದವರು, ವಿಷಯ ಕಷ್ಟವಾದ ಕೂಡಲೇ ಬೇಗ ಆಸಕ್ತಿ ಕಳೆದುಕೊಳ್ಳುತ್ತಾರೆ. ಪಾಲ್ ಒಕೀಫ್, ಕ್ಯಾರಲ್ ಡ್ವೆಕ್, ಗ್ರೆಗ್ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ನಮ್ಮ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡಿ: ಬೇಜಾರಾದರೆ ಇದು ನಿನ್ನದಲ್ಲ ಅಂತ ಅರ್ಥ ಅಲ್ಲ.

ಹಾಸ್ಟೆಲ್ ವಾರ್ಡನ್ ಆಗಿದ್ದವರು:
ಕ್ವೇಕರ್ ಎಂಬ ಕ್ರೈಸ್ತ ಪಂಗಡದವರಲ್ಲಿ ಒಂದು ಪದ್ಧತಿ ಇದೆ. ದೊಡ್ಡ ನಿರ್ಧಾರ ಎದುರಿಗಿದ್ದಾಗ ನಾಲ್ಕೈದು ನಂಬಿಕೆಯ ಜನ ಒಬ್ಬರ ಸುತ್ತ ಕೂರುತ್ತಾರೆ. ಸಲಹೆ ಕೊಡೋ ಹಾಗಿಲ್ಲ, ಪ್ರಶ್ನೆ ಮಾತ್ರ. ನಾನು ಇದನ್ನು ವಿದ್ಯಾರ್ಥಿಗಳ ಜೊತೆ ಮಾಡಿ ನೋಡಿದೆ, ಒಂದೊಂದು ಗಂಟೆ. ‘ನೀನು ವಕೀಲಿಕೆ ಓದಬಾರದಾ?’ ಅನ್ನೋದು ಪ್ರಶ್ನೆಯಲ್ಲ, ಸಲಹೆಗೆ ಪ್ರಶ್ನೆಯ ಅಂಗಿ ತೊಡಿಸಿದ್ದು. ‘ಯಾರ ಕಷ್ಟ ಕಂಡರೆ ನಿನಗೆ ಸುಮ್ನೆ ಕೂರೋಕೆ ಆಗಲ್ಲ?’ ಅನ್ನೋದು ಪ್ರಶ್ನೆ. ಕೇಳಿದ ಮೇಲೆ ಮೌನ ಬರುತ್ತದೆ. ಅದನ್ನು ತುಂಬೋಕೆ ಹೋಗಬೇಡಿ. ನನಗಂತೂ ಅದನ್ನು ಕಲಿಯೋದೇ ಎಲ್ಲಕ್ಕಿಂತ ಜಾಸ್ತಿ ಕಷ್ಟವಾಯಿತು.

ಓದು ಮುಗಿಸಿ ಹನ್ನೆರಡು ವರ್ಷವಾದವರು:
ಒಂದು ಮಾತು ಸೇರಿಸಬೇಕು. ನಾನು ಓದುವಾಗ ಮನೆಗೆ ದುಡ್ಡು ತುರ್ತಾಗಿ ಬೇಕಿತ್ತು. ‘ಮನಸ್ಸಿಗೆ ಒಪ್ಪಿದ್ದನ್ನು ಮಾಡು’ ಅಂತ ಯಾರಾದರೂ ಹೇಳಿದರೆ ನನಗೆ ಅವಮಾನ ಆದ ಹಾಗೆ ಆಗುತ್ತಿತ್ತು. ಸಿಕ್ಕ ಗುಮಾಸ್ತೆ ಕೆಲಸಕ್ಕೆ ಸೇರಿದೆ. ಏಮಿ ರೆಜ್ನೆಸ್ಕಿ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಕಚೇರಿ ಸಹಾಯಕರೂ ಇದ್ದರು. ಕೆಲಸ ಬಹುಪಾಲು ಒಂದೇ ಥರದ್ದು. ಆದರೂ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅದನ್ನು ಸಂಬಳದ ದಾರಿ ಅಂತ, ಇನ್ನೊಂದು ಭಾಗ ಮೇಲೇರುವ ಮೆಟ್ಟಿಲು ಅಂತ, ಉಳಿದವರು ತಮ್ಮ ಕಾಯಕ ಅಂತ ಕಂಡರು. ಇದನ್ನು ಯಾರಾದರೂ ಆಗ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ನಿಮ್ಮ 18 ಜನರಲ್ಲಿ ದುಡ್ಡಿನ ಒತ್ತಡ ಯಾರಿಗಿದೆ ಅಂತ ಮೊದಲು ತಿಳಿದುಕೊಳ್ಳಿ. ಎಲ್ಲರೆದುರು ಕೇಳಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ನೋಟ್‌ಬುಕ್ ಈ ವಾರವೇ ಕೊಡುತ್ತೇನೆ. ಒಬ್ಬಳಿದ್ದಾಳೆ, ಅವಳು ಏನೂ ಬರೆಯಲ್ಲ ಅಂತ ಈಗಲೇ ಗೊತ್ತು. ಅವಳಿಗೇನು ಮಾಡಲಿ?

ರಸಾಯನಶಾಸ್ತ್ರ ಕಲಿಸುವವರು:
ಬರೆಸಬೇಡಿ. ಕ್ಲಾಸ್ ಮುಗಿದ ಮೇಲೆ ಗೇಟಿನ ತನಕ ಜೊತೆಗೆ ನಡೆಯಿರಿ. ಮುಖ ನೋಡಿ ಹೇಳಲಾಗದ್ದನ್ನು ಪಕ್ಕದಲ್ಲಿ ನಡೆಯುವಾಗ ಹೇಳುತ್ತಾರೆ. ಮೊದಲ ಎರಡು ಮೂರು ದಿನ ಭವಿಷ್ಯದ ಮಾತೇ ಎತ್ತಬೇಡಿ.